ನಾಲ್ಕನೇ ಪ್ಲಗ್

ಹದಿನಾಲ್ಕನೇ ಸಲ ದಾರ ಎಳೆದರೂ ಎಂಜಿನ್ ಮಿಸುಕಲಿಲ್ಲ. ಮೇಸ್ತ್ರಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೇಜಿನ ಮೇಲಿದ್ದ ಮೊಳದುದ್ದದ ಹಳದಿ ರಿಮೋಟ್ ಕಾರನ್ನು ದುರುಗುಟ್ಟಿ ನೋಡಿದ. ಟ್ಯಾಂಕು ತುಂಬಿದೆ. ಕೊಳವೆಯಲ್ಲಿ ಇಂಧನ ಕಾರ್ಬುರೇಟರಿನವರೆಗೂ ಬಂದು ನಿಂತಿರುವುದು ಕಣ್ಣಿಗೇ ಕಾಣುತ್ತಿದೆ. ಗಾಳಿಯ ಫಿಲ್ಟರನ್ನು ಬೆಳಗ್ಗೆ ತಾನೇ ತೊಳೆದದ್ದು.

"ಪ್ಲಗ್ ಬಿಚ್ಚು," ಎಂದ.

ಅಕ್ಕನ ಮಗಳು ಆಗಲೇ ಬಿಚ್ಚುತ್ತಿದ್ದಳು. ಬೆರಳ ತುದಿಯಷ್ಟು ಗಾತ್ರದ ಗ್ಲೋ ಪ್ಲಗ್; ಅದರೊಳಗಿನ ಕೂದಲೆಳೆಯಂಥ ತಂತಿ ಕೆಂಡವಾದರೆ ಮಾತ್ರ ಎಂಜಿನ್ನಿಗೆ ಜೀವ. ಬ್ಯಾಟರಿ ತಾಗಿಸಿ ನೋಡಿದಳು. ಕೆಂಪಾಗಲಿಲ್ಲ, ತಂತಿ ತುಂಡಾಗಿತ್ತು. ಬೆಳಗ್ಗೆಯಿಂದ ಇದು ಮೂರನೆಯದು, ಡಬ್ಬಿಯಲ್ಲಿ ಇನ್ನು ಉಳಿದದ್ದು ಒಂದೇ.

ಫೈನಲ್‌ಗೆ ಹತ್ತು ನಿಮಿಷವಿತ್ತು. ಕನ್ನಡಕದ ಅಂಗಡಿಯಲ್ಲಿ ವಾರಕ್ಕೆ ಆರು ದಿನ ಗಾಜು ಕೂರಿಸುವ ಈ ಹುಡುಗಿ, ಏಳನೆಯ ದಿನ ಗೋದಾಮುಗಳ ಹಿಂದಿನ ಈ ಮಣ್ಣಿನ ಟ್ರ್ಯಾಕಿಗೆ ಬರತೊಡಗಿ ಎರಡು ವರ್ಷವಾಗಿತ್ತು. ಫೈನಲ್ ತಲುಪಿದ್ದು ಇದೇ ಮೊದಲು. ಸಾಲಿನಲ್ಲಿ ನಿಂತು ರೇಸಿನ ಎಲ್ಲ ಸುತ್ತು ಓಡಿಸಿದರೆ ಕ್ಲಬ್ಬಿನ ತಂಡದಲ್ಲಿ ಜಾಗ ಖಾತ್ರಿ. ಕಾರು ಹೊರಡದಿದ್ದರೆ ಮತ್ತೆ ಒಂದು ವರ್ಷ ಕಾಯಬೇಕು.

"ಅಂಗಡಿಯವನು ಕಳಪೆ ಮಾಲು ಕೊಟ್ಟಿದ್ದಾನೆ," ಎಂದ ಮೇಸ್ತ್ರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಈ ಮೇಸ್ತ್ರಿ ಒಂದು ಕಾಲದಲ್ಲಿ ನಿಜವಾಗಿಯೂ ಕುಣಿದವನೇ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿ "ಮೂರನೇ ಸಿಲಿಂಡರ್" ಎಂದರೆ ಮುಗಿಯಿತು, ಬಿಚ್ಚಿ ನೋಡಿದಾಗ ಅದು ಮೂರನೆಯದೇ ಆಗಿರುತ್ತಿತ್ತು. ಕಿವಿಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಆ ಕಿವಿಗೆ ವರ್ಷದಿಂದ ಏನೋ ಆಗಿತ್ತು. ಬಸ್ಸಿನ ಗುಡುಗು ಕೇಳುತ್ತಿತ್ತು, ಜನರ ಮಾತು ಕೇಳುತ್ತಿತ್ತು. ಸಣ್ಣ, ಚೂಪಾದ ಸದ್ದುಗಳು ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಬಾಗಿಲಿನ ಗಂಟೆ ಕೇಳದಾದಾಗ ಗಂಟೆಯನ್ನೇ ಎರಡು ಸಲ ಬದಲಾಯಿಸಿದ. ಫೋನ್ ಕೇಳದಾದಾಗ ಹೊಸ ಫೋನ್ ತಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಯಾರಿಗೂ ಹೇಳಲಿಲ್ಲ, ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಈ ಪುಟ್ಟ ಎಂಜಿನ್ನಿನ ಜುಟ್ಟು ಇದ್ದದ್ದು ಕಾರ್ಬುರೇಟರಿನ ಸೂಜಿ ಸ್ಕ್ರೂವಿನಲ್ಲಿ. ಒಳಗೆ ತಿರುಗಿಸಿದರೆ ಇಂಧನ ಕಡಿಮೆ, ವೇಗ ಹೆಚ್ಚು, ಸದ್ದು ಏರುತ್ತದೆ. ಅತಿಯಾಗಿ ತಿರುಗಿಸಿದರೆ ಎಂಜಿನ್ ಕಿರುಚುತ್ತಾ ಕಾದು ಪ್ಲಗ್ಗನ್ನು ಸುಟ್ಟುಬಿಡುತ್ತದೆ, ಹಾಗೇ ಬಿಟ್ಟರೆ ತಾನೂ ಹಾಳಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಕಿವಿಯೇ ಹೇಳಬೇಕು; ಸರಿಯಾಗಿದ್ದರೆ ಓಡುವ ಕಾರಿನ ಹಿಂದೆ ಹೊಗೆಯ ತೆಳು ಎಳೆ ಕಡಿಯದೆ ಇರುತ್ತದೆ. ಬೆಳಗ್ಗೆ ಮೇಸ್ತ್ರಿಗೆ ಸದ್ದು ಮಂಕಾಗಿ ಕೇಳಿತ್ತು. ಇನ್ನಷ್ಟು ಒಳಗೆ ತಿರುಗಿಸಿದ್ದ. ಜಾಸ್ತಿ ಕಿರುಚುತ್ತಿಲ್ಲವೇ ಎಂದು ಹುಡುಗಿ ಕೇಳಿದ್ದಳು. ಪಕ್ಕದ ಮೇಜಿನ ಬೇಕರಿಯವನೂ ಅದನ್ನೇ ಅಂದಿದ್ದ. ಬ್ರೆಡ್ ಬೆಂದಿದೆಯೋ ಇಲ್ಲವೋ ನೋಡಿಕೋ ಎಂದು ಮೇಸ್ತ್ರಿ ಅವನ ಬಾಯಿ ಮುಚ್ಚಿಸಿದ್ದ. ಹುಡುಗಿ ಮತ್ತೆ ಮಾತಾಡಿರಲಿಲ್ಲ, ಮಾವನ ಕಿವಿಯ ಮೇಲೆ ಅವಳಿಗೆ ತನ್ನ ಕಿವಿಗಿಂತ ಹೆಚ್ಚು ನಂಬಿಕೆ.

ಈಗ ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಕೊನೆಯ ಪ್ಲಗ್ ಹಿಡಿದು, ಸೂಜಿಯನ್ನು ಮುಟ್ಟದೆ, ಮೇಸ್ತ್ರಿ ಎಂಜಿನ್ನಿನ ಮೇಲೆ ಬಾಗಿದ. ಬೆನ್ನು ಬೆವರುತ್ತಿತ್ತು. ಪ್ಲಗ್ಗಿನ ತಿರುಪು ತೂತಿಗೆ ಸರಿಯಾಗಿ ಕೂರದೆ ಎರಡು ಸಲ ಜಾರಿತು.

ತಲೆ ಎತ್ತಿದಾಗ ಎಲ್ಲರೂ ಒಂದೇ ಕಡೆಗೆ ತಿರುಗಿ ನಿಂತಿದ್ದರು. ಬೇಕರಿಯವನು ತನ್ನ ಕಾರನ್ನು ಎತ್ತಿಕೊಂಡು ಓಡುತ್ತಿದ್ದ. ದೂರದಲ್ಲಿ ರೆಫರಿಯ ಕೆನ್ನೆಗಳು ಉಬ್ಬಿದ್ದವು, ಬಾಯಲ್ಲಿ ಸೀಟಿಯಿತ್ತು. ಮೇಸ್ತ್ರಿಗೆ ಏನೂ ಕೇಳಿಸಲಿಲ್ಲ.

ಹುಡುಗಿ ಸೀಟಿಯ ಕಡೆ ನೋಡುತ್ತಿರಲಿಲ್ಲ. ಮಾವನನ್ನೇ ನೋಡುತ್ತಿದ್ದಳು.

"ಇನ್ನು ಮೂರೇ ನಿಮಿಷ ಅಂತ ಸೀಟಿ ಮಾವ," ಎಂದಳು ಮೆಲ್ಲಗೆ. "ಎರಡು ಸಲ ಊದಿದ್ರು."

ಗಮನ ಬೇರೆ ಕಡೆ ಇತ್ತು ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ವರ್ಷದಿಂದ ಆಡಿ ಆಡಿ ನುಣುಪಾದ ಮಾತು. ಅದನ್ನು ಅಂದು ಪ್ಲಗ್ ಬಿಗಿದರೆ ಅವಳು ನಂಬಿದಂತೆ ಮಾಡುತ್ತಾಳೆ, ಅದೂ ಗೊತ್ತಿತ್ತು. ಆಮೇಲೆ ಅರ್ಧ ಸುತ್ತಿನಲ್ಲಿ ನಾಲ್ಕನೆಯದೂ ಸುಡುತ್ತದೆ. ಆಗಲೂ ಅವಳು ಅಂಗಡಿಯವನನ್ನೇ ಬೈಯುತ್ತಾಳೆ. ಮೇಸ್ತ್ರಿಗೆ ನಾಚಿಕೆಯಾಯಿತು, ಕಿವಿ ಹೋದದ್ದಕ್ಕಲ್ಲ, ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದಕ್ಕೆ.

"ನನಗೆ ಕೇಳಿಸ್ಲಿಲ್ಲ ಕಣೆ," ಎಂದ. "ಸೀಟಿನೂ ಕೇಳಿಸ್ಲಿಲ್ಲ, ಬೆಳಗ್ಗೆ ಇದು ಕಿರುಚಿದ್ದೂ ಕೇಳಿಸ್ಲಿಲ್ಲ. ಮೂರೂ ಪ್ಲಗ್ ಸುಟ್ಟೋನು ನಾನೇ."

 ಹುಡುಗಿ ಕೈ ಚಾಚಿ ಅವನ ಬೆರಳುಗಳಿಂದ ಪ್ಲಗ್ಗನ್ನೂ ಸ್ಕ್ರೂಡ್ರೈವರನ್ನೂ ತೆಗೆದುಕೊಂಡಳು.

"ಸೂಜಿ ಎಷ್ಟು ಸುತ್ತು ಬಿಚ್ಚಲಿ?"

"ಮುಕ್ಕಾಲು."

ಒದ್ದೆ ಬಟ್ಟೆ ಒತ್ತಿ ಎಂಜಿನ್ನಿನ ತಲೆ ತಣ್ಣಗಾಗಿಸಿದರು. ಕನ್ನಡಕದ ಸಣ್ಣ ಸ್ಕ್ರೂ ಕೂರಿಸಿ ಪಳಗಿದ ಕೈ, ಪ್ಲಗ್ ಒಂದೇ ಸಲಕ್ಕೆ ತಿರುಪಿಗೆ ಕೂತಿತು. ಮೇಸ್ತ್ರಿ ದಾರ ಎಳೆದ. ಇಲ್ಲ. ಮತ್ತೆ ಎಳೆದ. ಕೆಮ್ಮಿತು. ಮೂರನೆಯ ಎಳೆತಕ್ಕೆ ಬಿಳಿ ಹೊಗೆ ಕಾರಿ ಮೇಜನ್ನೆಲ್ಲ ಗಡಗಡ ಅಲುಗಿಸಿ ಹೊತ್ತಿಕೊಂಡಿತು.

"ಹೇಗಿದೆ ಹೇಳು," ಎಂದು ಕೂಗಿದ.

"ಗಂಟಲು ಕಟ್ಟಿದ ಹಾಗಿದೆ."

"ಹಾಗಾದ್ರೆ ಜಾಸ್ತಿ ಕುಡೀತಿದೆ. ಒಂದು ಕೂದಲಷ್ಟು ಒಳಗೆ. ಈಗ?"

"ಬಿಟ್ಟುಕೊಂಡಿತು. ಮೇಲಕ್ಕೆ ಹೋಗ್ತಿದೆ, ಆದ್ರೆ ಕೊನೇಲಿ ಸ್ವಲ್ಪ ಗೊಗ್ಗರು."

"ಆ ಗೊಗ್ಗರು ಇರ್ಬೇಕು. ಅದನ್ನ ಕಳೆಯೋಕೆ ಹೋಗ್ಬೇಡ. ಅಲ್ಲೇ ನಿಲ್ಸು."

ನಿಲ್ಲಿಸಿದಳು. ಕಾರನ್ನು ಎದೆಗವಚಿಕೊಂಡು, ರಿಮೋಟನ್ನು ಹಲ್ಲಲ್ಲಿ ಕಚ್ಚಿಕೊಂಡು ಓಡಿದಳು. ಬಾವುಟ ಮೇಲೇಳುವಷ್ಟರಲ್ಲಿ ಹಳದಿ ಕಾರು ಎಂಟನೆಯದಾಗಿ ಸಾಲಿನಲ್ಲಿತ್ತು.

ಮೇಸ್ತ್ರಿ ಬೇಲಿಯ ಬಳಿಗೆ ಬರುವ ಹೊತ್ತಿಗೆ ಬಾವುಟ ಬಿದ್ದಿತ್ತು. ಎಂಟು ಕಾರುಗಳು ಮೂಲೆ ತಿರುಗಿ ಬೇಲಿಯ ಪಕ್ಕದ ನೇರ ದಾರಿಗೆ ಒಟ್ಟಿಗೆ ನುಗ್ಗಿದವು. ಸಾಲಾಗಿ ನಿಂತಿದ್ದ ಜನರೆಲ್ಲ ಮುಖ ಕಿವುಚಿ ಎರಡೂ ಕಿವಿ ಮುಚ್ಚಿಕೊಂಡರು. ಅವರ ನಡುವೆ ಮೇಸ್ತ್ರಿ ಒಬ್ಬನೇ ಕೈ ಇಳಿಬಿಟ್ಟುಕೊಂಡು, ಹಳದಿ ಕಾರಿನ ಹಿಂದೆ ಕಡಿಯದೆ ಸಾಗುತ್ತಿದ್ದ ನೀಲಿ ಹೊಗೆಯ ಎಳೆಯನ್ನು ನೋಡುತ್ತಾ ನಿಂತಿದ್ದ.