ಸಾಲು ತೋರಿಸು

ಗೋಪಾಲಮ್ಮ ಗಂಡನ ಹೆಣದ ಬಾಯಿಗೆ ಅಕ್ಕಿ ಹಾಕಿದಳು. ಮೂರು ಸಲ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಚಟ್ಟದ ಮೇಲೆ ಮಲಗಿಸಿದ್ದ ಗಂಡನ ತಲೆಯ ಹತ್ತಿರ ಕೂತಳು. ಯಲಹಂಕದ ಆ ಬೀದಿಯ ಹೆಂಗಸರೆಲ್ಲ ಅವಳ ಕಡೆಗೇ ನೋಡುತ್ತಿದ್ದರು. ಇನ್ನೀಗ ಅವಳು ಹಾಡಿಕೊಂಡು ಅಳಬೇಕು. ಸತ್ತವನ ಗುಣಗಳನ್ನು ಒಂದೊಂದಾಗಿ ಎತ್ತಿ ಹೆಂಡತಿ ಹಾಡಿದ ಮೇಲೇ ಹೆಣ ಎತ್ತುವುದು ಅವರ ಪೈಕಿ ರೂಢಿ. ಗೋಪಾಲಮ್ಮನ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ.

ಗಂಡನ ಅಕ್ಕ ಮುನಿಯಲ್ಲಮ್ಮ ಬೆಳಗಿನಿಂದ ಎರಡು ಸಲ ಹಾಡಿ ಮುಗಿಸಿದ್ದಳು. ತಮ್ಮ ಕರ್ಣನಂಥ ದಾನಿಯಂತೆ, ಧರ್ಮರಾಯನಂಥ ಶಾಂತನಂತೆ. ಬದುಕಿದ್ದಾಗ ಈ ತಮ್ಮ ಯಾರಿಗೂ ಒಂದು ಎಲೆ ಅಡಿಕೆ ಕೊಟ್ಟವನಲ್ಲ, ಸಿಡುಕಿಗೆ ಹೆಸರಾದವನು. ಆದರೆ ಹೆಣದ ಮುಂದೆ ಸಾಕ್ಷಿ ಕೇಳುವವರು ಯಾರು?

"ಅಳೇ ಗೋಪಾಲಿ. ನೋಡ್ದೋರು ಏನಂದ್ಕೊಂಡಾರು?" ಎಂದಳು ಮುನಿಯಲ್ಲಮ್ಮ.

"ಏನಂತ ಆಡ್ಲಿ ಅಕ್ಕಾ?"

ಗೋಪಾಲಮ್ಮ ಉಡಾಫೆಯಿಂದ ಕೇಳಿದ್ದಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡನಿಗೆ ತನ್ನ ಮೇಲೆ ಮನಸ್ಸಿತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹಾಡುವುದಾದರೂ ಹೇಗೆ?

*

ಅವಳ ಗಂಡ ಮುನಿವೆಂಕಟಯ್ಯ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಪಾಠದ ಬಗ್ಗೆ ಹುಡುಗರು ಏನೇ ಬಾಯಿಬಿಟ್ಟರೂ ಸುಲಭಕ್ಕೆ ಒಪ್ಪುವ ಆಸಾಮಿ ಅಲ್ಲ. ನೀನು ಹೇಳಿದ್ದು ಹೇಳಿಕೆ, ಅನ್ನುತ್ತಿದ್ದರು. ಅದಕ್ಕೆ ಪಾಠದಲ್ಲಿ ಸಿಗುವ ಸಾಲು ಆಧಾರ. ಆ ಸಾಲಿನಿಂದ ನಿನ್ನ ಮಾತು ಹೇಗೆ ಹುಟ್ಟಿತೆಂದು ಬಿಡಿಸಿ ಹೇಳುವುದು ವಿವರಣೆ. ಮೂರರಲ್ಲಿ ಒಂದು ತಪ್ಪಿದರೂ ಸೊನ್ನೆ. "ರಾಜ ಒಳ್ಳೆಯವನು" ಎಂದು ಬರೆದು ಸುಮ್ಮನಾದವನ ಕಿವಿ ಹಿಂಡಿ, "ಎಲ್ಲಿದೆ? ಸಾಲು ತೋರಿಸು" ಎನ್ನುತ್ತಿದ್ದರು.

ಆ ಬುದ್ಧಿ ಅವರನ್ನು ಮನೆಯಲ್ಲೂ ಬಿಡಲಿಲ್ಲ. ಮದುವೆಯಾದ ಏಳನೇ ವರ್ಷ ಒಂದು ದಿನ ಗೋಪಾಲಮ್ಮ ತಡೆಯಲಾರದೆ, ನಿಮಗೆ ನನ್ನ ಕಂಡರೆ ಲಕ್ಷ್ಯವೇ ಇಲ್ಲ ಎಂದುಬಿಟ್ಟಳು. ಮೇಷ್ಟ್ರು ಕೈಯಲ್ಲಿದ್ದ ಪುಸ್ತಕ ಮಡಚಿದರು.

"ಇದು ಹೇಳಿಕೆ. ಆಧಾರ?"

ಅವಳೂ ಬಿಡಲಿಲ್ಲ. ಮಾಡಿಹಾಕಿದ್ದನ್ನು ಒಂದು ದಿನ ಚೆನ್ನಾಗಿದೆ ಅಂದಿಲ್ಲ. ಜ್ವರ ಬಂದು ಮಲಗಿದಾಗ ಹಣೆ ಮುಟ್ಟಿ ನೋಡಿಲ್ಲ. 'ಏ', 'ಇವಳೇ' ಅನ್ನುವುದು ಬಿಟ್ಟು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೇಷ್ಟ್ರು ಎಲ್ಲವನ್ನೂ ಗಮನವಿಟ್ಟು ಕೇಳಿ, "ಸರಿಯಾಗಿದೆ" ಎಂದು ಮತ್ತೆ ಪುಸ್ತಕ ಬಿಚ್ಚಿದರು.

ಸರಿಯಾಗಿದೆ ಎಂದಮೇಲೆ ಇನ್ನು ಕೇಳುವುದೇನು? ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

*

ಬಿಸಿಲೇರುವ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಬಂದು ಸೇರಿದರು. ಚಿಕ್ಕಜಾಲದಿಂದ ಬಸ್ಸಿನಲ್ಲಿ ಬಂದವರಿದ್ದರು, ಗದ್ದೆಯಿಂದ ಕಾಲು ತೊಳೆಯದೆ ಬಂದವರೂ ಇದ್ದರು. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಮೊಯಿನುದ್ದೀನನಿಗೆ ಹೆಡ್‌ಮಾಸ್ಟರು ನಾಲ್ಕು ಮಾತಾಡಲು ಹೇಳಿದರು. ಅವನು ಎದ್ದು ನಿಂತು, "ನಮ್ಮ ಮೇಷ್ಟ್ರು ದೇವರಂಥೋರು" ಎಂದು ಶುರುಮಾಡಿ ಅಲ್ಲಿಗೇ ತಡವರಿಸಿದ. ಹಿಂದೆ ನಿಂತಿದ್ದವರಿಗೆ ಯಾಕೆಂದು ಗೊತ್ತಾಯಿತು. ಇಬ್ಬರು ಮೂವರು ತಲೆ ತಗ್ಗಿಸಿ ನಕ್ಕರು. ಮೊಯಿನುದ್ದೀನ್ ಮಾತು ಬಿಟ್ಟು ಗೋಪಾಲಮ್ಮನ ಕಡೆ ತಿರುಗಿದ.

"ಅಮ್ಮಾ, ಮಡಕೆ ಕೆರೆದ ಸದ್ದು ಕೇಳಿಸಿಕೊಂಡೋರು ನೀವೇ ಅಲ್ವಾ?"

ಅವಳಿಗೆ ಏನೂ ತಿಳಿಯಲಿಲ್ಲ. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಹೇಳಿದ. ಅವರ ಪುಸ್ತಕದಲ್ಲಿ ಒಂದು ಕತೆಯಿತ್ತು. ಬಡ ತಾಯಿಯೊಬ್ಬಳು ಮಕ್ಕಳಿಗೆಲ್ಲ ಬಡಿಸಿ, ನನಗೆ ಹಸಿವಿಲ್ಲ ಅನ್ನುತ್ತಾಳೆ. ಅವಳು ಹೇಳಿದ್ದು ನಿಜವೇ ಎಂದು ಮೇಷ್ಟ್ರು ಕೇಳುತ್ತಿದ್ದರು. ಪುಸ್ತಕದಲ್ಲೇ ಇದೆಯಲ್ಲ, ನಿಜ ಎಂದು ಕ್ಲಾಸೆಲ್ಲ ಕೂಗುತ್ತಿತ್ತು.

"ಆಗ ಹೇಳ್ತಿದ್ರು. ನಮ್ಮ ಮನೇಲಿ ಗೋಪಾಲಮ್ಮ ಅಂತ ಇದಾಳೆ, ಅವಳಿಗೆ ಓದು ಬರಲ್ಲ. ನಾನು ಓದೋದನ್ನ ಒಲೆ ಮುಂದೆ ಕೂತು ಕೇಳಿ, ಆಯಮ್ಮ ಸುಳ್ಳು ಹೇಳ್ತಾಳೆ, ಮುಂಚೇನೇ ಮಡಕೆ ಕೆರೆದ ಸದ್ದು ಬಂತಲ್ಲ, ಒಳಗೆ ಅನ್ನ ಎಲ್ಲಿತ್ತು ಅಂದ್ಳು. ಅಷ್ಟು ವರ್ಷ ಪಾಠ ಮಾಡಿದ ನನಗೆ ಆ ಸಾಲು ಕಂಡಿರಲಿಲ್ಲ. ಆಧಾರ ಅಂದ್ರೇನು ಅಂತ ನನಗೆ ಕಲಿಸಿದೋಳು ಅವಳು, ಅಂತಿದ್ರು."

ಇದು ಐವತ್ತೊಂದನೇ ಇಸವಿಯ ಮಾತು ಎಂದ ಮೊಯಿನುದ್ದೀನ್. ಐವತ್ತೇಳರಲ್ಲಿ ತಮಗೂ ಹೇಳಿದರು ಎಂದ ಇನ್ನೊಬ್ಬ. ಹೋದ ವರ್ಷವೂ ಹೇಳಿದ್ದರೆಂದಳು ಲಂಗದ ಹುಡುಗಿಯೊಬ್ಬಳು.

ಗೋಪಾಲಮ್ಮ ಮೊಯಿನುದ್ದೀನನ ಕಡೆ ಬಾಗಿದಳು.

"ಎಸ್ರು ಇಡ್ದು ಏಳ್ತಿದ್ರಾ?"

"ಹೆಸರು ಹಿಡಿದೇ ಹೇಳ್ತಿದ್ರಮ್ಮ. ಬೋರ್ಡ್ ಮೇಲೂ ಬರೀತಿದ್ರು."

ಹೊತ್ತಾಯಿತೆಂದು ಅವಳ ಹಾಡಿಗೆ ಕಾಯದೆ ನಾಲ್ವರು ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ತಮಟೆ ಶುರುವಾಯಿತು. ಗೋಪಾಲಮ್ಮನಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ದಡಕ್ಕನೆ ಎದ್ದು ಓಡಿಹೋಗಿ ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದಳು. ಅದುವರೆಗೂ ಗಂಡನಿಗೆ ಬಹುವಚನ ತಪ್ಪಿಸದವಳು ಇಡೀ ಬೀದಿಗೆ ಕೇಳುವ ಹಾಗೆ ದನಿಯೆತ್ತಿದಳು.

"ಊರ ಮಕ್ಕಳಿಗೆಲ್ಲ ಏಳ್ದೋನೇ, ನನಗೊಬ್ಬಳಿಗೆ ಏಳ್ದೆ ಓದ್ಯಲ್ಲೋ, ನನ್ನ ದೊರೆಯೇ..."

ತಮಟೆಯವರು ಕೋಲು ನಿಲ್ಲಿಸಿದರು. ಎತ್ತಿದ ಚಟ್ಟ ಇಳಿಸುವಂತಿಲ್ಲ; ಹೊತ್ತವರು ಬಿಸಿಲಿನಲ್ಲಿ ಹೆಗಲು ಬದಲಿಸುತ್ತ, ಅವಳು ಹಾಡಿ ಮುಗಿಸುವುದನ್ನೇ ಕಾಯುತ್ತ ನಿಂತರು.