ಆ ಹಂದಿ ನನ್ನದಲ್ಲ

ಮ್ಯೂಸಿಯಂ ಎಂದರೆ ಎಲಿಹಿಯೊಗೆ ಮೊದಲಿನಿಂದಲೂ ಆಗದು. ಅರವತ್ತೊಂಬತ್ತು ವರ್ಷ ಮೆಕ್ಸಿಕೋ ನಗರದಲ್ಲೇ ಬಾಳಿದವನು, ಅದರಲ್ಲಿ ಅರ್ಧ ಆಯುಷ್ಯವನ್ನು ಅಂಗಡಿಗಳ ಗೋಡೆ, ಬೋರ್ಡು, ಶಟರುಗಳಿಗೆ ಬಣ್ಣ ಬಳಿಯುವುದರಲ್ಲೇ ಕಳೆದವನು, ಒಂದು ಸಲವೂ ಮ್ಯೂಸಿಯಂ ಒಳಗೆ ಕಾಲಿಟ್ಟಿರಲಿಲ್ಲ. ಆ ಭಾನುವಾರ ಮಗಳು ನೊಹೆಮಿ ಅವನನ್ನು ಎಳೆದುಕೊಂಡು ಬಂದಿದ್ದಳು. ಆಸ್ಪತ್ರೆಯಲ್ಲಿ ಅವಳ ಜೊತೆ ಕೆಲಸ ಮಾಡುವ ನರ್ಸೊಬ್ಬಳು ಹೊಸ ಪ್ರದರ್ಶನ ನೋಡಿ ಬಂದು, "ನೀನು ಹೇಳ್ತಿದ್ದ ನಿಮ್ಮಪ್ಪನ ಸೀಗಡಿ ಚಿತ್ರ ಅಲ್ಲಿದೆ ಕಣೇ" ಎಂದಿದ್ದಳಂತೆ.

ಭಾನುವಾರ ಪ್ರವೇಶ ಪುಕ್ಕಟೆ. ಸಾಲು ಬೀದಿಯ ಮೂಲೆ ದಾಟಿತ್ತು.

"ಸತ್ತವರ ಸಾಮಾನು ನೋಡೋಕೆ ಇಷ್ಟು ಜನಾನಾ?" ಎಂದ ಎಲಿಹಿಯೊ.

"ಮೆಲ್ಲಗೆ ಮಾತಾಡಪ್ಪಾ."

"ಯಾಕೆ, ಎದ್ದು ಬಂದುಬಿಡ್ತಾರಾ?"

ಎರಡನೇ ಮಹಡಿಯ ಹಾಲಿನಲ್ಲಿ, ಬೆಳ್ಳನೆ ಗೋಡೆಗೆ, ಸಾನ್ ಹಸಿಂತೊ ಮಾರುಕಟ್ಟೆಯ ಹಳೇ ಶಟರುಗಳನ್ನು ಸಾಲಾಗಿ ತೂಗುಹಾಕಿದ್ದರು. ಮಾರುಕಟ್ಟೆ ಕೆಡವಿದಾಗ ಅವೆಲ್ಲ ಗುಜರಿಗೆ ಹೋದವೆಂದೇ ಅವನು ತಿಳಿದಿದ್ದ. ಮೂರನೆಯದರಲ್ಲಿ ಅವನ ಸೀಗಡಿ, ತಲೆಗೆ ಅಗಲ ಟೋಪಿ ಹಾಕಿಕೊಂಡು, ಒಂದು ಕಣ್ಣು ಹೊಡೆಯುತ್ತ ನಿಂತಿತ್ತು. ಬಾಲದ ಬಳಿ ತುಕ್ಕು ಹಿಡಿದಿತ್ತು. ಎಲಿಹಿಯೊ ನೇರ ಹೋಗಿ ಅದನ್ನು ಬೆರಳಿನಿಂದ ಕೆರೆದ.

"ಯಜಮಾನ್ರೇ, ಗೆರೆಯಿಂದ ಆಚೆ ನಿಲ್ಲಿ! ಮುಟ್ಟೋ ಹಾಗಿಲ್ಲ!" ಕಾವಲುಗಾರ ಓಡಿ ಬಂದ.

"ನಾಲ್ಕು ದಿನ ಬಿಸಿಲಲ್ಲಿ ನಿಂತು ಇದನ್ನ ಮುಟ್ಟಿದ್ದು ನಾನೇ ಕಣಯ್ಯ. ಆಗೆಲ್ಲಿ ಹೋಗಿತ್ತು ನಿನ್ನ ಗೆರೆ?"

ಅವನು ಕನ್ನಡಕ ಮರೆತು ಬಂದಿದ್ದ. ಪಕ್ಕದ ಚೀಟಿಯನ್ನು ನೊಹೆಮಿ ಓದಿ ಹೇಳಿದಳು: "ಅಜ್ಞಾತ ಕಲಾವಿದ. ತಗಡಿನ ಮೇಲೆ ಎನಾಮಲ್ ಬಣ್ಣ. ಜನಸಾಮಾನ್ಯರ ಮುಗ್ಧ ಕಲ್ಪನೆ."

"ಏನಂದೆ? ಮುಗ್ಧಾನಾ?" ಎಲಿಹಿಯೊನ ದನಿಗೆ ಹಾಲಿನಲ್ಲಿದ್ದವರೆಲ್ಲ ತಿರುಗಿದರು. "ಅಳತೆಪಟ್ಟಿ ಇಲ್ಲದೆ ಇಪ್ಪತ್ತಡಿ ಗೆರೆ ಎಳೆಯೋನು ಮುಗ್ಧನಾ? ಯಾವನು ಬರೆದ ಇದನ್ನ? ಕರೀರಿ ಅವನನ್ನ!"

ಬಂದವಳು ರೆನಾತಾ. ಪ್ರದರ್ಶನ ಏರ್ಪಡಿಸಿದವಳೂ ಅವಳೇ, ಚೀಟಿ ಬರೆದವಳೂ ಅವಳೇ. ನಲವತ್ತರ ಆಸುಪಾಸು, ಕರಿ ಫ್ರೇಮಿನ ಕನ್ನಡಕ, ದಣಿದ ಮುಖ.

"ನೋಡಿ ಮೇಸ್ತ್ರಿ, ವಾರಕ್ಕೊಬ್ಬರು ಬಂದು ಇದು ನಂದು ಅಂತಾರೆ. ಹೋದ ಭಾನುವಾರ ಒಬ್ಬರು ಇಡೀ ಗೋಡೆನೇ ತಮ್ಮದು ಅಂದರು. ನಾನು ಹೇಗೆ ನಂಬಲಿ?"

"ಕಾಗದ ಕೊಡಿ."

ಅವಳು ಕೈಲಿದ್ದ ಪಟ್ಟಿಯನ್ನು ಮಗುಚಿ ಕೊಟ್ಟಳು. ಎಲಿಹಿಯೊ ಬೆಂಚಿನ ಮೇಲೆ ಕೂತು ಬಾಲದಿಂದ ಶುರು ಮಾಡಿದ. ಪೆನ್ನನ್ನು ಒಮ್ಮೆಯೂ ಎತ್ತದೆ ಬೆನ್ನು, ಮೀಸೆ, ಟೋಪಿ ಎಳೆದು, ಕಡೆಗೆ ಕಣ್ಣು ಹೊಡೆಸಿದ. ರೆನಾತಾ ಕಾಗದವನ್ನು ಶಟರಿನ ಪಕ್ಕಕ್ಕೆ ಹಿಡಿದು ನೋಡಿದಳು. ಅವಳ ಕಿವಿಗಳು ಕೆಂಪಾದವು.

"ತಪ್ಪಾಯ್ತು. ನಿಮ್ಮ ಹೆಸರು ಹಾಕಿಸ್ತೀನಿ." ಆಮೇಲೆ ಉತ್ಸಾಹದಿಂದ, "ಹಾಗಾದ್ರೆ ಆ ಹಂದಿಯೂ ನಿಮ್ಮದೇ ಅಲ್ವಾ? ಎರಡೂ ಒಂದೇ ಕೈಯದು ಅಂತ ನಮ್ಮ ತಜ್ಞರು ಹೇಳಿದಾರೆ" ಎಂದಳು.

ಎದುರು ಗೋಡೆಯ ನಟ್ಟನಡುವೆ, ಅತಿ ಹೆಚ್ಚು ಬೆಳಕಿನಲ್ಲಿ, ಮಾಂಸದಂಗಡಿಯ ಹೆಸರು ಬರೆದ ಶಟರಿನ ಮೇಲೆ ಒಂದು ಹಂದಿ ನಗುತ್ತ ತನ್ನದೇ ಮಾಂಸದ ಕಡಾಯಿಯಲ್ಲಿ ಸೌಟು ಆಡಿಸುತ್ತಿತ್ತು. ಹೊರಗಿನ ಪೋಸ್ಟರಿನಲ್ಲಿದ್ದದ್ದೂ ಅದೇ.

ಅದು ಬಾಲ್ದೊಮೆರೊನ ಹಂದಿ. ಮೂವತ್ತು ವರ್ಷದ ಹಿಂದೆ ಮಾರುಕಟ್ಟೆಯಲ್ಲಿ ಕುಂಚ ಹಿಡಿದವರು ಅವರಿಬ್ಬರೇ. ಒಂದು ದಿನ ಎಲಿಹಿಯೊ ಏಣಿಯಿಂದ ಬಿದ್ದು ಮೊಣಕೈ ಮುರಿದುಕೊಂಡ. ಬಾಲ್ದೊಮೆರೊ ಅಂಗಡಿ ಅಂಗಡಿಗೂ ಹೋಗಿ, "ಅವನ ಕೈ ಕುಡಿದು ಕುಡಿದು ನಡುಗ್ತಿದೆ, ಕೆಲಸ ಕೊಟ್ಟು ಕೆಡಬೇಡಿ" ಎಂದ. ಕೈ ಕೂಡಿದ ಮೇಲೂ ಯಾರೊಬ್ಬರೂ ಕರೆಯಲಿಲ್ಲ. ಹನ್ನೊಂದು ವರ್ಷ ಎಲಿಹಿಯೊ ರಸ್ತೆಬದಿಯ ಕಲ್ಲುಗಳಿಗೆ ಹಳದಿ ಬಳಿದ.

ನೊಹೆಮಿ ಅವನ ಕಿವಿಯಲ್ಲಿ, "ಹೌದು ಅಂದುಬಿಡಪ್ಪಾ. ಆ ಪಾಪಿ ಹೆಸರು ಅಳಿದುಹೋಗಲಿ" ಎಂದಳು.

ಎಲಿಹಿಯೊ ಹಂದಿಯ ಎದುರು ಹೋಗಿ ನೋಡಿದ. ಅಕ್ಷರಗಳ ನೆರಳು ಬೀಳಬೇಕಾದ ಕಡೆಯೇ ಬಿದ್ದಿತ್ತು. ಅದನ್ನು ಕಂಡು ಹೊಟ್ಟೆ ಉರಿಯಿತು. ಆದರೆ ಕಿವಿಗಳೆರಡೂ ಒಂದೇ ಪಕ್ಕದಲ್ಲಿದ್ದವು. ಇದೂ ಅದೂ ಒಂದೇ ಕೈಯಂತೆ!

"ಆ ಹಂದಿ ನನ್ನದಲ್ಲ. ಬರ್ಕೊಳ್ಳಿ, ಬಾಲ್ದೊಮೆರೊ ಕಿಂತಾನಾರ್. ದಪ್ಪಕ್ಷರದಲ್ಲಿ ಹಾಕಿ. ಎರಡು ಕಿವಿನೂ ಒಂದೇ ಕಡೆ ಇಟ್ಟ ಮಹಾನುಭಾವ ಯಾರು ಅಂತ ಊರಿಗೆಲ್ಲ ಗೊತ್ತಾಗಲಿ. ನಿಮ್ಮ ತಜ್ಞರಿಗೆ ಕಣ್ಣು ಪರೀಕ್ಷೆ ಮಾಡಿಸಿ."

ಮೂರು ವಾರದ ನಂತರ ರೆನಾತಾಳ ಫೋನ್ ಬಂತು. ಹೊಸ ಚೀಟಿ ಅಂಟಿಸಿದ್ದಾರೆ, ಸಣ್ಣ ಸಮಾರಂಭವಿದೆ, ಬರಬೇಕು. ಎಲಿಹಿಯೊ ಇಸ್ತ್ರಿ ಅಂಗಿ ತೊಟ್ಟು, ಈ ಸಲ ಕನ್ನಡಕ ಜೇಬಿಗೆ ಹಾಕಿಕೊಂಡು ಮಗಳ ಜೊತೆ ಹೋದ. ಹಂದಿಯ ಕೆಳಗೆ ಊರುಗೋಲು ಹಿಡಿದ ಮುದುಕನೊಬ್ಬ ನಿಂತಿದ್ದ. ಸೊರಗಿಹೋಗಿದ್ದ, ಆದರೂ ಆ ಗದ್ದ ಎತ್ತಿದ ನಿಲುವು ಅದೇ.

"ನನ್ನ ಹೆಸರು ಹೇಳು ಅಂತ ನಿನ್ನನ್ನ ಯಾರು ಕೇಳಿದ್ರೋ?" ಎಂದ ಬಾಲ್ದೊಮೆರೊ. "ಕಿವಿ ನೋಡಿ ಆಡ್ಕೊಂಡೆಯಂತೆ. ಹಂದಿ ತಲೆ ಓರೆ ಮಾಡಿದೆ ಕಣೋ, ಕುರುಡ! ನಿನ್ನ ಸೀಗಡಿ ಇವತ್ತಿಗೂ ಜಿರಳೆ ಥರಾನೇ ಇದೆ."

"ನನ್ನ ಕೈ ಕುಡುಕನ ಕೈ ಅಂತ ಸಾರು ಅಂತ ನಿನ್ನನ್ನ ಯಾರು ಕೇಳಿದ್ರೋ?"

"ಸುಳ್ಳು ಹೇಳಿದ್ನಾ? ಎದೆ ಮುಟ್ಟಿಕೊಂಡು ಹೇಳು. ಆವತ್ತು ಬೆಳಗ್ಗೆ ಒಂಬತ್ತು ಗಂಟೆಗೇ ನೀನು ಕುಡಿದಿರಲಿಲ್ವಾ?"

ಮೂವತ್ತು ವರ್ಷದಿಂದ ಕನ್ನಡಿಯ ಮುಂದೆ ನಿಂತು ಈ ಪ್ರಶ್ನೆಗೆ ನೂರು ಉತ್ತರ ಕಟ್ಟಿದ್ದ ಎಲಿಹಿಯೊ ಅವೆಲ್ಲವನ್ನೂ ಬದಿಗಿಟ್ಟ.

"ಕುಡಿದಿದ್ದೆ," ಎಂದ. "ನಿಜಾನೇ ಹೇಳಿದೆ ನೀನು. ಅದಕ್ಕೇ ನಿನ್ನ ಮುಖ ಕಂಡರೆ ನನಗಾಗಲ್ಲ."

ಇಬ್ಬರನ್ನೂ ಜೊತೆಗೆ ನಿಲ್ಲಿಸಿ ಫೋಟೋ ತೆಗೆಯೋಣವೆಂದು ರೆನಾತಾ ಬಂದಳು. "ಸಾಧ್ಯವೇ ಇಲ್ಲ" ಎಂದು ಇಬ್ಬರೂ ಒಟ್ಟಿಗೇ ಗದರಿದರು.

ಹೊರಗೆ ಮೆಟ್ಟಿಲ ಮೇಲೆ ನೊಹೆಮಿ ನಿಂತಳು.

"ನೀನು ಕುಡಿದು ಬಿದ್ದಿದ್ದಾ?"

"ಹಳೇ ಕತೆ ಬಿಡಮ್ಮ."

"ನಂಗಾಗ ಎಂಟು ವರ್ಷ. ಊಟದ ಡಬ್ಬಿ ತಂದು ಕೆಳಗಿಂದ ಅಪ್ಪಾ ಅಂತ ಕೂಗಿದೆ. ನಾನು ಕೂಗಿದ್ದಕ್ಕೇ ತಿರುಗಿ ಬಿದ್ದೆ ಅಂತ ನೀನು ಅಂದೆ. ಅಮ್ಮನ ಮುಂದೆ ಅಂದೆ, ಅಜ್ಜಿ ಮುಂದೆ ಅಂದೆ. ನಮ್ಮ ಮನೆ ಹಾಳಾಗಿದ್ದು ನನ್ನ ಬಾಯಿಂದ ಅಂತ ನಾನು ಇವತ್ತಿನವರೆಗೂ ನಂಬಿದ್ದೆ."

"ನಿನ್ನಮ್ಮನಿಗೆ ಹೆದರಿ ಒಂದು ಮಾತು ಅಂದೆ. ಮಗು ಮರೆತುಬಿಡುತ್ತೆ ಅಂದ್ಕೊಂಡೆ."

"ಅವನು ಅಂದ ನಿಜಾನ ಮೂವತ್ತು ವರ್ಷ ಕ್ಷಮಿಸಲಿಲ್ಲ ನೀನು," ಎಂದಳು ನೊಹೆಮಿ. "ನೀನಂದ ಸುಳ್ಳನ್ನ ನಾನು ಎಷ್ಟು ವರ್ಷ ಕ್ಷಮಿಸಬಾರದು, ನೀನೇ ಹೇಳು."

ಉತ್ತರಕ್ಕೆ ಕಾಯದೆ ಅವಳು ಮೆಟ್ರೋ ಕಡೆ ನಡೆದಳು. ಎಲಿಹಿಯೊ ಎರಡು ಸಲ ಅವಳ ಹೆಸರು ಕೂಗಿದ. ಅವಳು ತಿರುಗಲಿಲ್ಲ.

ಹನ್ನೆರಡು ದಿನ ಫೋನಿರಲಿಲ್ಲ. ಹದಿಮೂರನೆಯ ದಿನ ಬಂದಳು, ಅವನ ಮಾತ್ರೆಗಳನ್ನು ಡಬ್ಬಿಗೆ ತುಂಬಿದಳು, ಒಲೆಯ ಮೇಲೆ ಬೀನ್ಸ್ ಬೇಯಿಸಿಟ್ಟಳು. ಅವನು "ತಪ್ಪಾಯ್ತಮ್ಮ" ಎಂದಾಗ, "ಬಿಸಿ ಇರುವಾಗಲೇ ತಿನ್ನು" ಎಂದಷ್ಟೇ ಹೇಳಿ ಬಾಗಿಲೆಳೆದುಕೊಂಡು ಹೋದಳು.