ಹಿಂದಿನ ಹಗ್ಗ

"ಹೆಣದ ಗಾಡಿಗೆ ಹಿಂದ್ಲಿಂದ ಹಗ್ಗ ಕಟ್ಟೋದ ಎಲ್ಲಾರ ಕಂಡಿದ್ದೀಯೇನವ್ವ? ಓಗೋ ಜೀವಾನ ಹಿಡ್ದು ಜಗ್ದಂಗಾಯ್ತದೆ ಕಣ್ ತಾಯಿ!"

ದೊಡ್ಡಬೀರಯ್ಯ ಕೋಲನ್ನು ನೆಲಕ್ಕೆ ಕುಟ್ಟಿದ. ಊರಿನಲ್ಲಿ ಯಾರು ಸತ್ತರೂ ತಲೆ ಯಾವ ಕಡೆಗೆ, ಮಣ್ಣು ಯಾರು ಮೊದಲು ಎಂದು ಹೇಳುವವನು ಅವನೇ. ಕ್ಯಾತನಹಳ್ಳಿಯವರು ಇಲ್ಲಿಯ ತನಕ ಅವನ ಮಾತಿಗೆ ಎದುರಾಡಿದ್ದಿಲ್ಲ. ಈಗ ಎದುರು ನಿಂತಿದ್ದವಳು ಸತ್ತವನ ಹೆಂಡತಿ ಜಯಲಕ್ಷ್ಮಮ್ಮ. ಅವಳ ಕೈಯಲ್ಲಿ ಹೆಬ್ಬೆರಳು ದಪ್ಪದ ವೈರ್ ರೋಪು, ಅದರ ತುದಿಗೊಂದು ಕಬ್ಬಿಣದ ಕೊಂಡಿ.

ನಾಲೆಯ ಏರಿಯ ಮೇಲೆ ಟ್ರಾಕ್ಟರು ನಿಂತಿತ್ತು. ಹಿಂದಿನ ಟ್ರೇಲರಿನಲ್ಲಿ, ಚಟ್ಟದ ಮೇಲೆ, ಚೆಂಡುಹೂವಿನ ಕೆಳಗೆ ನಂಜಪ್ಪ. ಮುಂದೆ ಅವನದೇ ಗದ್ದೆ. ವಾರದ ಹಿಂದೆ ನಾಲೆಗೆ ನೀರು ಬಿಟ್ಟಿದ್ದರು. ಗದ್ದೆ ಕೆಸರಾಗಿ ನಾಟಿಗೆ ಕಾಯುತ್ತಿತ್ತು. ಗದ್ದೆಯಾಚೆ ಒಣದಿಬ್ಬ. ನಂಜಪ್ಪನ ಅಪ್ಪ, ಅಜ್ಜ ಮಲಗಿರುವುದು ಅಲ್ಲೇ. ದಿಬ್ಬಕ್ಕೆ ಹೋಗುವ ಬದು ನೀರಿಗೆ ಕುಸಿದುಹೋಗಿತ್ತು. ಬೆಳಿಗ್ಗೆ ಗುಂಡಿ ತೋಡಲು ಹೋದ ಮಂಚಯ್ಯ ತೊಡೆಯವರೆಗೂ ಹೂತು, ಗುದ್ದಲಿ ಊರಿಕೊಂಡು ಎದ್ದು, ಎರಡು ಚಪ್ಪಲಿಯನ್ನೂ ಅಲ್ಲೇ ಬಿಟ್ಟು ದಿಬ್ಬ ಸೇರಿದ್ದ. ಹೆಗಲ ಮೇಲೆ ಚಟ್ಟ ಹೊತ್ತು ಆ ಕೆಸರು ದಾಟುವುದು ಆಗದ ಮಾತು. ಹಾಗಾಗಿ ಟ್ರಾಕ್ಟರು.

"ಅವ್ವ, ಇನ್ನೂ ಹೊತ್ತದೆ," ಎಂದ ಮಗ ರವೀಂದ್ರ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸ ಅವನದು. ಬೆಳಿಗ್ಗೆಯಿಂದ ಇದೇ ಮಾತು ಮೂರನೇ ಸಲ. "ಪಟ್ಣಕ್ಕೇ ಓಗ್ಬುಡಾನ. ಹೊಳೆದಂಡೇಲಿ ಸುಟ್ಟು, ಪಶ್ಚಿಮವಾಹಿನೀಲಿ ಬೂದಿ ಬುಟ್ರೆ ಮುಕ್ತಿ. ಎಲ್ರೂ ಮಾಡೋದು ಅದೇ ತಾನೆ? ಅಪ್ಪ ಅಷ್ಟು ವರ್ಷ ನೀರ್ ಮೇಲೇ ಇದ್ದೋರು. ನೀರ್ಗೇ ಓಗ್ಲಿ."

"ನೀರ್ಗೆ ಬ್ಯಾಡ."

"ಅದೇ ಯಾಕೆ ಅಂತೀನಿ!"

"ಮಾತು ಕೊಟ್ಟಿವ್ನಿ ಕಣ್ಲಾ ನಿಮ್ಮಪ್ಪಂಗೆ."

ಟ್ರಾಕ್ಟರಿನ ಸೀಟಿನಲ್ಲಿ ಕೂತಿದ್ದ ಚಲುವರಾಜು ಮುಖ ಆ ಕಡೆ ತಿರುಗಿಸಿದ. ನಂಜಪ್ಪನ ತಮ್ಮನ ಮಗ ಅವನು. ಆ ಹಗ್ಗವನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಆಡಿಕೊಂಡು ನಕ್ಕವನೂ ಅವನೇ.

* * *

ನಂಜಪ್ಪ ನೇವಿಯಿಂದ ಊರಿಗೆ ಬಂದಾಗ ಜನಕ್ಕೆ ನಿರಾಸೆಯಾಗಿತ್ತು. ಹುರಿಮೀಸೆಯಿಲ್ಲ, ಗುಂಡಿನ ಗಾಯವಿಲ್ಲ. ಟೀ ಅಂಗಡಿಯ ಶಿವಣ್ಣ ಲೋಟ ಕೈಗಿಡುವ ಮೊದಲೇ ಕೇಳಿಬಿಟ್ಟಿದ್ದ:

"ಎಪ್ಪತ್ತೊಂದ್ರ ಯುದ್ಧದಲ್ಲಿ ಇದ್ಯಂತಲ್ಲಾ, ಏನ್ ಮಾಡ್ದೆ ಅಲ್ಲಿ?"

"ರಾಟೆ ತಿರುಗುಸ್ತಿದ್ದೆ."

"ಬಾವಿ ರಾಟೆಯಾ?"

ನಂಜಪ್ಪ ನಕ್ಕು, ಬೆಂಚಿನ ಮೇಲೆ ಚೆಲ್ಲಿದ ಟೀಯಲ್ಲೇ ಬೆರಳಾಡಿಸಿ ಚಿತ್ರ ಬರೆದ. ತೀರಾ ದೊಡ್ಡದಲ್ಲ, ಸಣ್ಣದೂ ಅಲ್ಲ, ನಡುಗಾತ್ರದ ಹಡಗು. "ಬ್ಯಾರೆ ಹಡಗೆಲ್ಲ ದಡ ಕಂಡ್ರೆ ಹೆದುರ್ತವೆ. ನಮ್ದು ಬೇಕಂತ್ಲೇ ಓಗಿ ಮರಳ್ಗೆ ಹೊಟ್ಟೆ ಊರ್ತಿತ್ತು. ಮುಂದ್ಗಡೆ ಬಾಯಿ ತೆಗೀತಿತ್ತು. ಟ್ಯಾಂಕು, ಲಾರಿ, ಸೈನಿಕ್ರು ಎಲ್ಲಾ ಅಲ್ಲಿಂದ್ಲೇ ಇಳಿಯೋರು."

"ಹೊಟ್ಟೆ ಊರ್ದ್ ಮ್ಯಾಕೆ ವಾಪಸ್ ಬರೋದೆಂಗ್ಲಾ?"

"ಅದೇ ನನ್ ಕೆಲ್ಸ. ದಡ ಇನ್ನೂ ದೂರ ಇರೋವಾಗ್ಲೇ ಹಿಂದ್ಲಿಂದ ಒಂದು ಲಂಗರು ನೀರ್ಗೆ ಬುಡೋದು. ವೈರು ಬುಡ್ತಾ ಬುಡ್ತಾ ಮುಂದಕ್ಕೋಗೋದು. ಎಲ್ರೂ ಇಳುದ್ಮೇಲೆ ರಾಟೇಲಿ ವೈರು ಸುತ್ಕಂಡು, ನಮ್ಮನ್ನ ನಾವೇ ಹಿಂದಕ್ಕೆ ಎಳ್ಕಳೋದು."

"ಅಂದ್ರೆ ಓಡೋಗಕ್ಕೆ ಮದ್ಲೇ ಏರ್ಪಾಟು ಅನ್ನು!"

ಅಂಗಡಿಯೆಲ್ಲ ನಕ್ಕಿತು. ಅವತ್ತಿನಿಂದ ಅವನು 'ಹಿಂದಗ್ಗದ ನಂಜಪ್ಪ'.

ಅವನೂ ಆ ಹೆಸರಿಗೆ ಒಪ್ಪುವಂತೆಯೇ ಬದುಕಿದ. ಪಾಂಡವಪುರದ ಗುಜರಿ ಅಂಗಡಿಯಿಂದ ಹಲ್ಲುಚಕ್ರದ ಒಂದು ಹಳೆಯ ರಾಟೆ ತಂದು, ಏರಿಯ ಮೇಲಿನ ಹುಣಸೆಮರದ ಬುಡಕ್ಕೆ ಸಿಮೆಂಟು ಹಾಕಿ ಕೂರಿಸಿದ. ಕಬ್ಬು ಕಡಿಯುವ ಕಾಲಕ್ಕೆ ಯಾರ ಟ್ರಾಕ್ಟರು ಒದ್ದೆ ನೆಲಕ್ಕೆ ಇಳಿದರೂ ಮೊದಲು ಹಿಂದಕ್ಕೆ ವೈರು ಸಿಕ್ಕಿಸಬೇಕು, ಆಮೇಲೆ ಇಳಿಯಬೇಕು. ಹೂತ ಮೇಲೆ ಹಗ್ಗ ಹುಡುಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ಬಾಲ ಕಟ್ಕಂಡು ಗದ್ದೆಗಿಳಿಯೋಕೆ ನಾನೇನು ಕ್ವಾತಿಯಾ ದೊಡ್ಡಪ್ಪ?" ಎಂದು ಒಂದು ವರ್ಷ ಚಲುವರಾಜು ಹಗ್ಗವಿಲ್ಲದೆ ನುಗ್ಗಿದ. ಮಧ್ಯಾಹ್ನಕ್ಕೆ ಟ್ರೇಲರು ಮಗುಚಿಕೊಂಡಿತು. ಲೋಡು ಕಬ್ಬೆಲ್ಲ ಕೆಸರಿಗೆ. ನಂಜಪ್ಪ ಬದುವಿನ ಮೇಲೆ ಬಂದು ನಿಂತು ಕೇಳಿದ್ದು ಒಂದೇ ಮಾತು:

"ಟೀ ಕುಡುದ್ಯಾ?"

ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು ಎಂದು ಚಲುವರಾಜು ಈಗಲೂ ಹೇಳುತ್ತಾನೆ.

* * *

ಜಯಲಕ್ಷ್ಮಮ್ಮ ಮಾತು ಕೊಟ್ಟಿದ್ದು ಪಶ್ಚಿಮವಾಹಿನಿಯಲ್ಲೇ.

ನಂಜಪ್ಪನ ಅವ್ವ ಮೈಸೂರಿನ ಮಗಳ ಮನೆಯಲ್ಲಿ ತೀರಿಕೊಂಡಿದ್ದರು. ಅಲ್ಲೇ ಸುಟ್ಟು, ಬೂದಿ ತಂದಿದ್ದರು. ಮಡಕೆ ಹಿಡಿದು ನೀರಿಗಿಳಿಯಬೇಕಾದ ನಂಜಪ್ಪ ಮೆಟ್ಟಿಲ ಮೇಲೇ ನಿಂತು ಬಿದಿರುಗಳದಿಂದ ಕೆಳಗಿನ ನೀರನ್ನು ತಿವಿದು ತಿವಿದು ನೋಡುತ್ತಿದ್ದ. ಹಿಂದೆ ಇನ್ನೂ ಮೂರು ಮನೆಯವರು ಮಡಕೆ ಹಿಡಿದು ಕಾದಿದ್ದರು. ಪುರೋಹಿತರಿಗೆ ಸಿಟ್ಟು ಬಂತು.

"ಇಳಿಯಯ್ಯ, ಸೊಂಟದುದ್ದ ಇದೆ ಅಷ್ಟೆ."

ಅವನು ಆ ಮಾತು ಕೇಳಿದವನೇ ಕುಸಿದು ಕೂತುಬಿಟ್ಟ. ಕೊನೆಗೆ ಅವನ ತಮ್ಮ ಇಳಿದು ಬೂದಿ ಬಿಟ್ಟು ಬಂದ. ಎಲ್ಲರೂ ಎಡೆ ಇಡಲು ಆಚೆ ಹೋದ ಮೇಲೆ, ಅದೇ ಮೆಟ್ಟಿಲ ಮೇಲೆ, ನೀರು ನೋಡುತ್ತ ಹೆಂಡತಿಗೆ ಹೇಳಿದ.

"ನಮ್ ಸಾಹೇಬ್ರೂ ಅಂಗೇ ಅಂದಿದ್ರು. ಸೊಂಟದುದ್ದ ಅಂತ. ಅವ್ರಿಗೆ ಹೇಳ್ದೋರು ಯಾರೋ. ನೀರೊಳ್ಗೆ ಮರಳು ದಿಬ್ಬ ಇತ್ತು. ಹಡಗು ದಡ ಮುಟ್ಟೋಕ್ ಮುಂಚೇನೇ ಅದ್ರ ಮ್ಯಾಲೆ ಕೂತ್ಕಬುಡ್ತು. ದಿಬ್ಬದ ಆಚೆ ಆಳ. ಯಾರ್ಗೂ ಗೊತ್ತಿಲ್ಲ. ಬಾಯಿ ತೆಗುದ್ರು. ಬೆಟ್ಟದ ಸೀಮೆ ಸಿಪಾಯಿ ಹೈಕ್ಳು, ಗಿಡ್ಡುಕ್ಕವ್ರೆ, ಬೆನ್ ಮ್ಯಾಲೆ ಒಂದೊಂದು ಮೂಟೆ. ಹಿಂದ್ಲ ರಾತ್ರಿ ನನ್ ಜತೆ ಇಸ್ಪೀಟೆಲೆ ಆಡಿದ್ರು. ಮುಂದ್ಲೋರು ಇಳುದ್ರು."

"ಈಜ್ಲಿಲ್ವಾ?"

"ಬೆಟ್ಟದೋರು ಕಣೆ. ನಾನು ಹಿಂದ್ಗಡೆ ರಾಟೆ ಹತ್ರ. ನಂಗೆ ಕಾಣ್ತಿರ್ಲಿಲ್ಲ. ಕೇಳುಸ್ತಿತ್ತು." ಗಳದ ತುದಿಯಿಂದ ನೀರನ್ನು ಇನ್ನೊಮ್ಮೆ ತಿವಿದ. "ಆಮೇಕೆ ಎಳೀರಿ ಅಂದ್ರು. ಎಳ್ದೆ. ಅಷ್ಟು ದೊಡ್ಡ ಹಡಗು ನನ್ ಹಗ್ಗಕ್ಕೆ ಬಂತು. ಇಳ್ದೋರ್ಗೆ ಒಂದು ಹಗ್ಗ ಕಟ್ಟಿರ್ಲಿಲ್ಲ ನೋಡು."

ಜಯಲಕ್ಷ್ಮಮ್ಮ ಸೆರಗಿನಿಂದ ಅವನ ಕುತ್ತಿಗೆಯ ಬೆವರು ಒರೆಸಿದಳು.

"ನನ್ನ ನೀರ್ಗೆ ಬುಡ್ಬ್ಯಾಡ ಕಣೆ. ಬೂದಿ ಮಾಡಿಯೂ ಬುಡ್ಬ್ಯಾಡ. ಒಣ ಮಣ್ಣಿಗೆ ಹಾಕು."

"ಆಯ್ತು ಏಳಿ. ಎಲೆ ಹಾಕಿರ್ತಾರೆ," ಎಂದಿದ್ದಳು. ಮಾತು ಕೊಟ್ಟಿದ್ದು ಅಷ್ಟೇ.

* * *

ಇದನ್ನು ಮಗನಿಗೆ ಅವಳು ಹೇಳಿದ್ದು ಇವತ್ತೇ ಮೊದಲು. ಟ್ರೇಲರಿನ ಚಕ್ರದ ಮರೆಯಲ್ಲಿ, ಮೆಲ್ಲಗೆ, ನಾಲ್ಕೇ ಮಾತಿನಲ್ಲಿ. ರವೀಂದ್ರ ಕೇಳಿಸಿಕೊಂಡು ಕೆಸರು ನೋಡುತ್ತ ನಿಂತ. ಅಪ್ಪ ಒಂದು ದಿನವೂ ತನ್ನನ್ನು ನಾಲೆಗೆ ಹಾಗೇ ಈಜಲು ಬಿಡದೆ, ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಸುತ್ತಿದ್ದದ್ದು, ಊರ ಹುಡುಗರು ಎಮ್ಮೆಕರು ಎಂದು ರೇಗಿಸುತ್ತಿದ್ದದ್ದು ನೆನಪಾಯಿತೋ ಏನೋ. ಪಟ್ಟಣದ ಮಾತು ಮತ್ತೆ ಎತ್ತಲಿಲ್ಲ.

ದೊಡ್ಡಬೀರಯ್ಯ ಮಾತ್ರ ಬಿಡಲಿಲ್ಲ. "ಮಣ್ಣಾದ್ರೂ ಮಾಡಿ, ಹೊಳೆಗಾದ್ರೂ ತಗಂಡೋಗಿ, ನಾನ್ ಬ್ಯಾಡ ಅನ್ನಕಿಲ್ಲ. ಈ ಹಗ್ಗ ಬುಡು. ಹೊರಟ ಮ್ಯಾಲೆ ಹೆಣ ಹಿಂದಕ್ಕೆ ಬರಕೂಡ್ದು."

"ಹಗ್ಗ ಅವ್ರಿಗಲ್ಲ ಕಣ್ ಬೀರಯ್ಯಣ್ಣ," ಎಂದಳು ಜಯಲಕ್ಷ್ಮಮ್ಮ. "ಅವ್ರು ಅಲ್ಲೇ ಇಳ್ಕತಾರೆ. ಇದು ಬುಟ್ಟು ವಾಪಸ್ ಬರೋರ್ಗೆ. ನಿಮ್ಗೆ."

ದೊಡ್ಡಬೀರಯ್ಯ ಕೆಸರನ್ನೊಮ್ಮೆ, ದಿಬ್ಬವನ್ನೊಮ್ಮೆ, ತನ್ನ ಮಂಡಿಯನ್ನೊಮ್ಮೆ ನೋಡಿಕೊಂಡ.

"ಅಂಗಾದ್ರೆ ಗಟ್ಟಿಯಾಗ್ ಸಿಗುಸ್ಲಾ ಚಲುವ. ನಾನೂ ಅದ್ರಲ್ಲೇ ಬರೋನು."

ಚಲುವರಾಜು ಆಗಲೇ ಸೀಟಿನಿಂದ ಇಳಿದಿದ್ದ. ದೊಡ್ಡಮ್ಮನ ಕೈಯಿಂದ ಕೊಂಡಿ ತೆಗೆದುಕೊಂಡು ಟ್ರೇಲರಿನ ಹಿಂದಕ್ಕೆ ಸಿಕ್ಕಿಸಿ, ಜಗ್ಗಿ ನೋಡಿದ. ಇನ್ನೊಮ್ಮೆ ಜಗ್ಗಿದ.

ಹೆಂಗಸರು ಗುಂಡಿಯವರೆಗೆ ಹೋಗುವ ಪದ್ಧತಿಯಿಲ್ಲ. ಜಯಲಕ್ಷ್ಮಮ್ಮ ಹುಣಸೆಮರದ ಬುಡದ ರಾಟೆಯ ಹಿಡಿಯ ಮೇಲೆ ಕೈಯಿಟ್ಟು ನಿಂತಳು, ಪಕ್ಕದಲ್ಲಿ ಸೊಸೆ ಪುಷ್ಪ. ಟ್ರಾಕ್ಟರು ಏರಿಯಿಂದ ಇಳಿಯಿತು. ರಾಟೆ ತನ್ನಷ್ಟಕ್ಕೆ ತಿರುಗುತ್ತ ವೈರು ಬಿಟ್ಟಿತು. ಚಕ್ರ ಅರ್ಧ ಮುಳುಗಿತು, ಹೊಗೆ ಎದ್ದಿತು, ಟ್ರೇಲರು ಒಂದು ಪಕ್ಕಕ್ಕೆ ವಾಲಿತು. ಅದರ ಅಂಚು ಹಿಡಿದಿದ್ದ ಗಂಡಸರೆಲ್ಲ ಗೋವಿಂದ ಎಂದರು. ಟ್ರಾಕ್ಟರು ದಿಬ್ಬಕ್ಕೆ ಮೂತಿ ಊರಿ ನಿಂತಿತು.

ನಂಜಪ್ಪನನ್ನು ಇಳಿಸಿದರು. ಒಣಮಣ್ಣು. ರವೀಂದ್ರ ಮೂರು ಹಿಡಿ ಹಾಕಿದ, ಉಳಿದವರೂ ಹಾಕಿದರು. ಇಷ್ಟು ದೂರದಿಂದ ಹೆಂಗಸರಿಗೆ ಕಂಡಿದ್ದು ಬಗ್ಗಿ ಏಳುವ ಬೆನ್ನುಗಳು ಮಾತ್ರ. ಪುಷ್ಪ ಅಳುತ್ತಿದ್ದಳು. ಜಯಲಕ್ಷ್ಮಮ್ಮ ಹಿಡಿಯಿಂದ ಕೈ ತೆಗೆಯಲಿಲ್ಲ.

ವಾಪಸ್ಸು ಬರುವಾಗ ಗದ್ದೆಯ ನಡುವೆ ಟ್ರಾಕ್ಟರು ನಿಂತೇಹೋಯಿತು. ರಿವರ್ಸಿನಲ್ಲಿ ಚಕ್ರ ತಿರುಗಿದಷ್ಟೂ ಇಳಿಯಿತು. ಟ್ರೇಲರಿನಲ್ಲಿ ದೊಡ್ಡಬೀರಯ್ಯನೂ ಊರಿನ ಅರ್ಧ ಮುದುಕರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತಿದ್ದರು. ಚಲುವರಾಜು ಕೈ ಎತ್ತಿದ. ಕೂಗುವ ಮೊದಲೇ ಏರಿಯ ಮೇಲೆ ಹಲ್ಲುಚಕ್ರ ಕಟಕಟ ಎಂದಿತು. ಅತ್ತೆ ಸೊಸೆ ಇಬ್ಬರೂ ಹಿಡಿಗೆ ಮೈಭಾರ ಹಾಕಿದ್ದರು. ವೈರು ಕೆಸರಿನಿಂದ ಎದ್ದು ಬಿಗಿಯಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಟ್ರೇಲರು ಒಂದು ಮೊಳ ಹಿಂದಕ್ಕೆ ಬಂತು. ಇನ್ನೊಂದು ಮೊಳ.

"ಬತ್ತಾ ಅದೆ ಕಣವ್ವ! ನಿಲ್ಲುಸ್ಬ್ಯಾಡಿ, ತಿರುಗ್ಸಿ!" ಟ್ರೇಲರಿನಿಂದ ಕೂಗಿದವನು ದೊಡ್ಡಬೀರಯ್ಯ.

ಏರಿ ಹತ್ತಿದ ಮೇಲೆ ಎಲ್ಲರೂ ಮುಳುಗು ಹಾಕಲು ನಾಲೆಯ ಕಡೆ ಹೊರಟರು. ಕಳಚಿದ ಕೊಂಡಿಯನ್ನು ಚಲುವರಾಜು ನೆಲಕ್ಕೆ ಎಸೆಯದೆ ಹುಣಸೆಬೇರಿನ ಮೇಲೆ ಮೆತ್ತಗೆ ಇಟ್ಟು ಅವರ ಹಿಂದೆ ಹೋದ. ಹಗ್ಗದ ಬಹುಪಾಲು ರಾಟೆಗೆ ಸುತ್ತಿ ಕೂತಿತ್ತು, ಕೆಸರು ಸುರಿಸುತ್ತ.

ಜಯಲಕ್ಷ್ಮಮ್ಮ ಅದನ್ನು ಮತ್ತೆ ಬಿಚ್ಚಲು ಹಿಡಿ ತಿರುಗಿಸಿದಳು.

"ನಾಳೆ ಮಾಡುದ್ರಾಯ್ತು ಬುಡವ್ವ," ಎಂದ ರವೀಂದ್ರ.

"ಕೆಸರ್ನಾಗೇ ಬುಟ್ರೆ ತುಕ್ಕು ಹಿಡೀತದೆ. ನಿಮ್ಮಪ್ಪ ಒಂದು ದಿನ ಅಂಗೆ ಬುಟ್ಟೋರಲ್ಲ. ನೀನ್ ಓಗು, ಮದ್ಲು ಮುಳುಗು ಹಾಕ್ಬುಟ್ ಬಾ."

"ಇದ್ ಮುಗೀಲಿ."

ಅವನು ಹೆಗಲ ಮೇಲಿದ್ದ ಕರ್ಮದ ಬಿಳಿ ಪಂಚೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿದ. ಅವ್ವ ನಿಧಾನಕ್ಕೆ ರಾಟೆ ಬಿಡುತ್ತ ಹೋದಂತೆ, ಅದರಲ್ಲಿ ಹಗ್ಗವನ್ನು ಹಿಡಿ ಹಿಡಿಯಾಗಿ ಒರೆಸುತ್ತ ಏರಿಯ ಉದ್ದಕ್ಕೂ ಹಿಂದೆ ಹಿಂದೆ ನಡೆದ. ಪಂಚೆ ಮೊದಲು ಕೆಸರಿನ ಬಣ್ಣಕ್ಕೆ, ಆಮೇಲೆ ಗ್ರೀಸಿನ ಕಪ್ಪಿಗೆ ತಿರುಗಿತು.